ನಾಲ್ಕನೆಯ ಪಾದ

ಚಿಕಿತ್ಸೆಗೆ ವೈದ್ಯ, ಔಷಧ, ಉಪಚಾರಕ, ರೋಗಿ ಎಂದು ನಾಲ್ಕು ಪಾದಗಳುಂಟೆಂದು ಚರಕಾಚಾರ್ಯರು ಹೇಳಿರುವುದನ್ನು ಪಾಠಶಾಲೆಯ ದಿನಗಳಲ್ಲಿಯೇ ಕೇಳಿ ಬಲ್ಲೆ. ಮೊದಲೆರಡರ ಮಹಿಮೆ ಎಲ್ಲರಿಗೂ ತಿಳಿದದ್ದೇ. ಉಳಿದೆರಡರ ಅರ್ಥವು ನನಗೆ ಹೊಳೆದುದು ಅರುವತ್ತು ದಾಟಿದ ಮೇಲೆ, ಬಲಗಣ್ಣಿನ ಬೆಳಕನ್ನು ಒಂದಿಷ್ಟು ತೆತ್ತ ಮೇಲೆ.

ಹೋದ ಸುಗ್ಗಿಯಲ್ಲಿ ಕಣದ ಬಳಿ ನಿಂತಿದ್ದಾಗ ಭತ್ತದ ಹೊಟ್ಟಿನ ಚೂರೊಂದು ಹಾರಿಬಂದು ಕಣ್ಣಿಗೆ ತಗುಲಿತು. ಉಜ್ಜಿಕೊಂಡೆ. ಎರಡು ದಿನ ನಂದಿಬಟ್ಟಲ ಹೂವಿನ ರಸವನ್ನು ಹಿಂಡಿಸಿಕೊಂಡೆ. ಮೂರನೆಯ ದಿನ ಕಣ್ಣು ಕೆಂಡವಾಯಿತು. ಕರಿಯಾಲಿಯ ಮೇಲೆ ನುಚ್ಚಕ್ಕಿಯಂತಹ ಬಿಳಿಯ ಚುಕ್ಕೆ ಕಾಣಿಸಿತು. ಸುಶ್ರುತರು ಕೃಷ್ಣಮಂಡಲಕ್ಕೆ ಹೇಳಿರುವ ನಾಲ್ಕು ರೋಗಗಳಲ್ಲಿ ಇದು ಸವ್ರಣಶುಕ್ರವೆಂದು ಮನೆಯಾಕೆಗೆ ವಿವರಿಸುತ್ತ ಕುಳಿತೆನೇ ಹೊರತು ಆಸ್ಪತ್ರೆಗೆ ಹೊರಡಲಿಲ್ಲ. ಹೊರಡಿಸಿದವಳು ಆಕೆ.

ಆಸ್ಪತ್ರೆಯ ತರುಣ ವೈದ್ಯೆಯು ಹುಣ್ಣಿನ ಅಂಚನ್ನು ನವುರಾಗಿ ಕೆರೆದು, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಇದು ಶಿಲೀಂಧ್ರವಲ್ಲ, ಬ್ಯಾಕ್ಟೀರಿಯಾ ಎಂದು ನಿರ್ಧರಿಸಿದರು. ಎರಡು ಸೀಸೆಗಳನ್ನು ಕೊಟ್ಟರು. ಮೊದಲನೆಯದು ಕ್ರಿಮಿಗಳನ್ನು ಕೊಲ್ಲುವ ಮಾಕ್ಸಿಫ್ಲಾಕ್ಸಸಿನ್. ಮೊದಲೆರಡು ದಿನ ಹಗಲಿರುಳೂ ಗಂಟೆಗೊಂದು ಹನಿ. ಎರಡನೆಯದು ಪಾಪೆಯನ್ನು ಹಿಗ್ಗಿಸುವ ಹೋಮಾಟ್ರೋಪಿನ್. ದಿನಕ್ಕೆ ಮೂರು ಬಾರಿ. ಜೊತೆಗೆ ನೋವಿಗೆ ಮಾತ್ರೆ, ಬೆಳಕಿಗೆ ಕಪ್ಪು ಕನ್ನಡಕ. ಕಣ್ಣಿಗೆ ಪಟ್ಟಿಯನ್ನು ಮಾತ್ರ ಕಟ್ಟಕೂಡದು. ಮುಚ್ಚಿದ ಕಣ್ಣಿನ ಬಿಸುಪಿನಲ್ಲಿ ಕ್ರಿಮಿಗಳಿಗೆ ಸುಗ್ಗಿ ಎಂದರು.

ಎರಡು ರಾತ್ರಿ ನನ್ನಾಕೆ ಗಡಿಯಾರವನ್ನು ಮಗ್ಗುಲಲ್ಲಿಟ್ಟುಕೊಂಡು ಗಂಟೆಗೊಮ್ಮೆ ಎದ್ದಳು. ಕೈ ತೊಳೆದು, ಕೆಳರೆಪ್ಪೆಯನ್ನು ಎಳೆದು, ಸೀಸೆಯ ತುದಿ ಎಲ್ಲಿಯೂ ತಾಗದಂತೆ ಒಂದು ಹನಿ. ಎರಡು ಔಷಧಗಳ ನಡುವೆ ಐದು ನಿಮಿಷದ ಬಿಡುವು. "ಏನೂಂದ್ರೆ, ಹೊತ್ತಾಯಿತು, ಕಣ್ಣು ಬಿಡಿ" ಎಂಬ ಆ ಮೆಲುದನಿ ಈಗಲೂ ನಿದ್ದೆಯಲ್ಲಿ ಕೇಳಿಸುತ್ತದೆ.

ಮೂರನೆಯ ದಿನ ಉರಿ ತಗ್ಗಿತು. ಹಗಲಿನ ಹನಿಗಳನ್ನು ನಾನೇ ಹಾಕಿಕೊಳ್ಳತೊಡಗಿದೆ. ಎರಡನೆಯ ಸೀಸೆಯಿಂದ ಅಕ್ಷರಗಳು ಕಲಸಿಹೋಗುತ್ತಿದ್ದವು. ಅದು ಕ್ರಿಮಿಯನ್ನು ಕೊಲ್ಲದೆಂದು ವೈದ್ಯೆಯೇ ಹೇಳಿದ್ದರಲ್ಲ. ಕೊಲ್ಲದ ಮದ್ದೇಕೆ ಎಂದು ಗುಟ್ಟಾಗಿ ಬಿಟ್ಟೆ. ಮೂರು ದಿನ ಕಳೆಯುವಷ್ಟರಲ್ಲಿ ಹುಬ್ಬಿನ ಮೇಲೆ ಸುತ್ತಿಗೆ ಬಡಿದಂತಹ ನೋವು. ಆಕೆ ಸೀಸೆಯನ್ನು ದೀಪಕ್ಕೆ ಹಿಡಿದು ನೋಡಿ, "ಇದು ಇಳಿದೇ ಇಲ್ಲವಲ್ಲ" ಎಂದಷ್ಟೇ ಅಂದಳು. ನಾನು ತಲೆತಗ್ಗಿಸಿದೆ.

ಕಣ್ಣಿನೊಳಗಿನ ಬಣ್ಣದ ತೆರೆಯು ಎರಡು ಕಡೆ ಹಿಂದಿನ ಮಸೂರಕ್ಕೆ ಅಂಟಲು ಮೊದಲಿಟ್ಟಿತ್ತು. "ಮೇಷ್ಟ್ರೇ, ಉರಿಯೂತದಲ್ಲಿ ಒಳಗಿನ ಸ್ನಾಯು ಸೆಟೆದುಕೊಂಡು ನೋಯುತ್ತದೆ, ಈ ಹನಿ ಅದಕ್ಕೆ ವಿಶ್ರಾಂತಿ. ಪಾಪೆ ಕಿರಿದಾಗಿಯೇ ಉಳಿದು ಸುತ್ತಲೂ ಅಂಟಿಕೊಂಡರೆ ಕಣ್ಣಿನ ಒತ್ತಡವೇರಿ ಇನ್ನೊಂದು ವಿಪತ್ತು" ಎಂದರು ವೈದ್ಯೆ. ಪುಣ್ಯವಶಾತ್, ಮತ್ತೆ ಹನಿ ಬಿದ್ದಾಗ ಅಂಟು ಬಿಟ್ಟಿತು.

ನೆರೆಯವರೊಬ್ಬರು ಕೊಟ್ಟಿದ್ದ ಸ್ಟೀರಾಯ್ಡ್ ಹನಿಯನ್ನೂ ಅಂದೇ ಅವರ ಮುಂದಿಟ್ಟೆ. ಅವರು ಅದನ್ನು ಎತ್ತಿಟ್ಟುಕೊಂಡರು. ಕೆಂಪು ಬೇಗ ಇಳಿಯುವುದು ನಿಜ. ಆದರೆ ಕ್ರಿಮಿಯೊಡನೆ ಹೋರಾಡುವ ದೇಹದ ಬಲವೂ ಇಳಿಯುತ್ತದೆ. ಮಧುರೆಯ ಅರವಿಂದ ಕಣ್ಣಾಸ್ಪತ್ರೆಯೇ ಮೊದಲಾದ ಕಡೆಗಳಲ್ಲಿ 500 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 48 ಗಂಟೆಗಳ ಕ್ರಿಮಿನಾಶಕದ ಬಳಿಕ ಸ್ಟೀರಾಯ್ಡ್ ಸೇರಿಸಿದರೂ ಮೂರು ತಿಂಗಳ ನಂತರದ ದೃಷ್ಟಿಯಲ್ಲಿ ಒಟ್ಟಾರೆ ಹೆಚ್ಚಿನ ಲಾಭ ಕಂಡುಬರಲಿಲ್ಲವಂತೆ. ವೈದ್ಯರ ಕಣ್ಗಾವಲಿಲ್ಲದೆ ಹಾಕಿಕೊಳ್ಳುವ ಮಾತಂತೂ ದೂರ.

ಹುಣ್ಣು ಮಾಯಿತು, ಕಲೆ ಉಳಿಯಿತು. ಬಲಗಣ್ಣಿಗೆ ಲೋಕವು ತೆಳುಬಟ್ಟೆಯ ಹಿಂದಿನಿಂದ ಕಾಣುತ್ತದೆ. ರೋಗಿಗೆ ನಾಲ್ಕು ಗುಣಗಳು ಬೇಕೆನ್ನುತ್ತಾರೆ ಚರಕರು: ನೆನಪು, ಹೇಳಿದಂತೆ ಕೇಳುವುದು, ಅಂಜದಿರುವುದು, ತನ್ನ ಸ್ಥಿತಿಯನ್ನು ಮರೆಮಾಚದೆ ತಿಳಿಸುವುದು. ನನ್ನಲ್ಲಿದ್ದುದು ಮೊದಲನೆಯದೊಂದೇ. ನಾಲ್ಕಕ್ಕೆ ಒಂದಂಕ ಪಡೆದ ಹುಡುಗನನ್ನು ನಾನೆಂದೂ ತೇರ್ಗಡೆ ಮಾಡಿದವನಲ್ಲ. ಮೂರನೆಯ ಪಾದವು ಗಟ್ಟಿಯಾಗಿದ್ದುದರಿಂದ ನಾಲ್ಕನೆಯದರ ಕುಂಟು ಮುಚ್ಚಿಹೋಯಿತು. ಈ ಲೇಖನವನ್ನು ಬರೆದುಕೊಂಡವಳೂ ಆಕೆಯೇ. ಈ ಕೊನೆಯ ಮಾತುಗಳನ್ನು ಬೇಡವೆಂದಳು. ಈ ಒಂದು ಸಲ ಹೇಳಿದಂತೆ ಕೇಳಲಿಲ್ಲ.