ಗೌಡರ ಶೆಡ್ಡಿನ ಒನ್ ಟನ್

ಲಾರಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಶೆಡ್ಡಿನ ನಾಲ್ಕೂ ಮೂಲೆಗೆ ಕೈ ತೋರಿಸಬೇಕು. ಚಾಸಿಸ್ ಮರದ ದಿಮ್ಮಿಗಳ ಮೇಲೆ ಕೂತಿದೆ. ಬಾನೆಟ್ ಗೋಡೆಗೆ ಒರಗಿದೆ. ಗೇರ್‌ಬಾಕ್ಸ್ ಗೋಣಿಚೀಲದ ಮೇಲೆ. ನಟ್ಟು, ಬೋಲ್ಟು, ವಾಷರ್‌ಗಳೆಲ್ಲ ಉಪ್ಪಿನಕಾಯಿ ಬಾಟಲಿಗಳಲ್ಲಿ. ಪ್ರತಿ ಬಾಟಲಿಗೂ ಒಂದು ಚೀಟಿ: ‘ಮುಂದಿನ ಎಡ ಕಮಾನ್ ಪಟ್ಟಿ’, ‘ರೇಡಿಯೇಟರ್ ಕೆಳಗಿನದು’. ಸಕಲೇಶಪುರದ ಆಚೆ ಇರುವ ಗೌಡರ ಈ ತೋಟಕ್ಕೆ ರಜೆ ಬಂದಾಗಲೆಲ್ಲ ಬರುತ್ತೇನೆ. ಯಂತ್ರದ ವಿಷಯ ನನಗೆ ಗೊತ್ತಿಲ್ಲ. ಕಂಡದ್ದನ್ನೂ ಬಗೆಹರಿಯದ್ದನ್ನೂ ಬರೆದಿಡುತ್ತಿದ್ದೇನೆ.

*

ಗಾಡಿ ನಿಸಾನ್ ಒನ್ ಟನ್. ಅಮೆರಿಕನ್ ಸೈನ್ಯದ ಡಾಜ್ ಲಾರಿಯ ಜಾಡು ಹಿಡಿದು ಜಪಾನಿನ ನಿಸಾನ್ ಕಂಪನಿ ಮಾಡಿದ ಮಾದರಿ. ನಮ್ಮ ಸೈನ್ಯಕ್ಕೆ ಇದು ತಯಾರಾಗುತ್ತಿದ್ದದ್ದು ಜಬಲ್ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ. 1969ರಲ್ಲಿ ಶುರುವಾದ ಆ ಕಾರ್ಖಾನೆಯಿಂದಲೇ ಶಕ್ತಿಮಾನ್ ಲಾರಿಗಳೂ ಜೋಂಗಾ ಜೀಪುಗಳೂ ಬಂದವು. ಜೋಂಗಾಕ್ಕೂ ಇದಕ್ಕೂ ಇಂಜಿನ್ ಒಂದೇ: ಆರು ಸಿಲಿಂಡರ್, 3,956 ಸಿಸಿ, ಪೆಟ್ರೋಲು. ಸೈನ್ಯ ಹರಾಜು ಹಾಕಿದ ಗಾಡಿಗಳು ಮಲೆನಾಡಿನ ಮತ್ತು ಕೊಡಗಿನ ತೋಟಗಳಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಜುಲೈ ತಿಂಗಳಲ್ಲಿ ತೋಟದ ರಸ್ತೆ ಹತ್ತಬೇಕಾದರೆ ನಾಲ್ಕು ಚಕ್ರಕ್ಕೂ ಬಲ ಹೋಗಲೇಬೇಕು. ಗೌಡರ ತಂದೆ ತಂದಿದ್ದ ಈ ಗಾಡಿ ಗೊಬ್ಬರ, ಸೌದೆ, ಆಳುಗಳು ಎಲ್ಲವನ್ನೂ ಹೊತ್ತಿದೆ. ಆಮೇಲೆ ಹಲಸಿನ ಮರದ ಕೆಳಗೆ ನಿಂತದ್ದು ನಿಂತೇ ಹೋಯಿತು. ಈಗ ಗೌಡರು ಮೇಸ್ತ್ರಿಯೊಬ್ಬನ ಜೊತೆ ಸೇರಿ ಅದನ್ನು ಬಿಚ್ಚಿ ಸರಿಮಾಡುತ್ತಿದ್ದಾರೆ.

*

ಇಂಜಿನ್ ಜಾಮ್ ಆಗಿತ್ತು. ಮೇಸ್ತ್ರಿ ಆರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತುಗಳಿಗೆ ಡೀಸೆಲ್ಲಿಗೆ ಪವರ್ ಸ್ಟಿಯರಿಂಗ್ ಎಣ್ಣೆ ಬೆರೆಸಿ ಸುರಿದು ಸುಮ್ಮನೆ ಬಿಟ್ಟ. ಮಧ್ಯೆ ಮಧ್ಯೆ ಬಂದು ಮುಂದಿನ ಹ್ಯಾಂಡಲ್ ಹಾಕಿ ಮೆಲ್ಲಗೆ ಅಲ್ಲಾಡಿಸುತ್ತಿದ್ದ. “ಜೋರು ಮಾಡಿದ್ರೆ ರಿಂಗ್ ಮುರೀತದೆ ಮೇಷ್ಟ್ರೆ, ಅದಾಗೇ ಬಿಡಬೇಕು” ಅಂದ. ಒಂದು ದಿನ ಹ್ಯಾಂಡಲ್ ಬೆರಳಗಲ ಸರಿಯಿತು. ಗೌಡರೂ ಮೇಸ್ತ್ರಿಯೂ ಕೆಲಸ ಬಿಟ್ಟು ಕಾಫಿ ಕುಡಿಯಲು ಹೊರಟರು. ಇಷ್ಟು ಕಾದವರು ಅದು ಸರಿದ ಗಳಿಗೆಯಲ್ಲೇ ಯಾಕೆ ಕೈ ತೆಗೆದರು? ಕೇಳಿದೆ. ಎಣ್ಣೆ ಈಗ ಹೊಸ ಜಾಗಕ್ಕೆ ಇಳಿಯಬೇಕಂತೆ, ಅದಕ್ಕೂ ಹೊತ್ತು ಕೊಡಬೇಕಂತೆ.

*

ತುಕ್ಕು ಮೇಲಿನಿಂದ ಬರುತ್ತದೆ ಎಂದುಕೊಂಡಿದ್ದೆ. ಬಾಗಿಲಿನ ಕೆಳಗಿನ ಅಂಚನ್ನು ಗೌಡರು ತೋರಿಸಿದರು. ಎರಡು ತಗಡು ಮಡಚಿ ಸೇರಿಸಿದ ಜಾಗ. ಒಳಗೆ ನೀರು ನಿಂತಿದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಅದು ಒಳಗೇ ಉಬ್ಬಿ, ಗಟ್ಟಿಯಾಗಿದ್ದ ಬೆಸುಗೆಯನ್ನು ಬಿಚ್ಚಿಹಾಕಿದೆ. ಮೇಲಿನ ಬಣ್ಣ ಮಾತ್ರ ನೆಟ್ಟಗಿದೆ. ಉಗುರಿನಿಂದ ಒತ್ತಿದರೆ ಒಳಕ್ಕೆ ಹೋಗುತ್ತದೆ.

ಸಣ್ಣ ಭಾಗಗಳಿಗೆ ಬೇರೆ ಉಪಚಾರ. ನೀಲಿ ಡ್ರಮ್ಮಿನಲ್ಲಿ ನೀರು, ವಾಷಿಂಗ್ ಸೋಡ. ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ ತುಕ್ಕು ಹಿಡಿದ ಬ್ರಾಕೆಟ್ಟಿಗೆ, ಪಾಸಿಟಿವ್ ಯಾವುದಾದರೂ ಬೇಡದ ಕಬ್ಬಿಣದ ತುಂಡಿಗೆ. ಸ್ವಲ್ಪ ಹೊತ್ತಿಗೆ ನೊರೆ ಏಳುತ್ತದೆ. ಅದು ಹೈಡ್ರೋಜನ್, ಬೀಡಿ ಹಚ್ಚಿದವರು ಆ ಕಡೆ ಬರಬಾರದು. ಸ್ಟೇನ್‌ಲೆಸ್ ಸ್ಟೀಲಿನ ತುಂಡನ್ನು ಮಾತ್ರ ಪಾಸಿಟಿವ್‌ಗೆ ಕಟ್ಟಕೂಡದು. ಅದರೊಳಗಿನ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಮಾರನೆಯ ದಿನ ತುಕ್ಕು ಕಪ್ಪು ಕೆಸರಾಗಿ ಬ್ರಷ್ಷಿಗೆ ಬಿಟ್ಟುಬಂತು. ಕೆಳಗೆ ಕಂಡದ್ದು ಸಿಡುಬಿನ ಕಲೆಯ ಮುಖದಂಥ ಕಬ್ಬಿಣ. ಆ ಗುಳಿಗಳಲ್ಲಿದ್ದದ್ದು ಎಂದೂ ವಾಪಸು ಬರುವುದಿಲ್ಲ. ಗೌಡರಿಗೆ ಅದು ಗೊತ್ತು. ಆದರೂ ಹೊಸ ಬ್ರಾಕೆಟ್ ಲೇತಿನಲ್ಲಿ ಮಾಡಿಸಿ ಎಂದರೆ ಒಪ್ಪುವುದಿಲ್ಲ. ನೆಲದ ತಗಡನ್ನು ಪೂರ್ತಿ ಹೊಸದು ಹಾಕಿಸಿದವರು ಈ ಬ್ರಾಕೆಟ್ಟಿಗೆ ಯಾಕೆ ಹಟ ಹಿಡಿದರೋ!

*

ಬಂಪರ್ ಉಜ್ಜುವಾಗ ನಾನೂ ಇದ್ದೆ. ನೀರು ಕಾಗದ ಹಿಡಿದು ಉಜ್ಜುತ್ತ ಹೋದಂತೆ ಮೊದಲು ತೋಟದ ನೀಲಿ ಬಣ್ಣ, ಅದರ ಕೆಳಗೆ ರೆಡ್ ಆಕ್ಸೈಡ್, ಆಮೇಲೆ ಸೈನ್ಯದ ಹಸಿರು. ಹಸಿರಿನ ಮೇಲೆ ಬಿಳಿಯಲ್ಲಿ ಮೇಲ್ಮುಖದ ಬಾಣ, ಪಕ್ಕದಲ್ಲಿ 75. ಸೈನ್ಯಕ್ಕೆ ಸೇರಿದ ವರ್ಷ ಅದು. ಮುಂದಿನ ಮಡ್‌ಗಾರ್ಡಿನ ಮೇಲೆ ‘ಟಿ.ಪಿ.’ ಎಂಬ ಎರಡಕ್ಷರ, ಪಕ್ಕದಲ್ಲಿ ಒಂದು ಅಳಿಸಿದ ಅಂಕಿ. ಟೈರಿಗೆ ಎಷ್ಟು ಗಾಳಿ ಹಿಡಿಸಬೇಕೆಂದು ಚಕ್ರದ ಮೇಲಿನ ಮಡ್‌ಗಾರ್ಡಿನಲ್ಲೇ ಬರೆದಿಡುವ ಪದ್ಧತಿ. ಸ್ಟೆನ್ಸಿಲ್ ಇಟ್ಟವನ ಕೈ ಒಂದಿಷ್ಟು ಜಾರಿದೆ. ‘ಪಿ’ಯ ಕಾಲು ದಪ್ಪ. ಅದನ್ನು ನೋಡಿದ ಮೇಲೆ ಗೌಡರು ಕಾಗದ ಕೆಳಗಿಟ್ಟರು.

*

ಹಿಂದಿನ ಆಕ್ಸಲ್ಲಿನ ನಡುವಿನ ದುಂಡು ಭಾಗದ ಮೇಲೆ ಬಿಳಿ ಬಣ್ಣ ಬಳಿದಿತ್ತು. ಗ್ರೀಸು, ಕೆಸರು ಮೆತ್ತುವ ಜಾಗದಲ್ಲಿ ಬಿಳಿ ಯಾಕೆ? ಮೇಸ್ತ್ರಿಗೂ ಗೊತ್ತಿರಲಿಲ್ಲ. ಪಕ್ಕದ ಊರಿನ ಹವಾಲ್ದಾರರು ಬಂದು ಬಿಡಿಸಿ ಹೇಳಿದರು. ಬೆಂಗಳೂರಿನಲ್ಲಿ ಸೈನ್ಯದ ಎಎಸ್‌ಸಿ ಸೆಂಟರಿನಲ್ಲಿ ಡ್ರೈವಿಂಗ್ ಕಲಿತವರು, ಸರ್ವಿಸ್ ಪೂರ್ತಿ ಸ್ಟಿಯರಿಂಗ್ ಹಿಡಿದವರು. ರಾತ್ರಿ ಕಾನ್ವಾಯ್ ಹೋಗುವಾಗ ಹೆಡ್‌ಲೈಟ್ ಹಾಕುವ ಹಾಗಿಲ್ಲ. ಗಾಡಿಯ ಅಡಿಯಲ್ಲಿ ಒಂದು ಮಂದ ಬಲ್ಬಿನ ಬೆಳಕು ಈ ಬಿಳಿಯ ಮೇಲೆ ಬೀಳುತ್ತದೆ. ಹಿಂದಿನ ಡ್ರೈವರು ಅದೊಂದನ್ನೇ ನೋಡಿಕೊಂಡು ಬರಬೇಕು. ಮೇಲಿನಿಂದ ನೋಡುವವರಿಗೆ ಏನೂ ಕಾಣದು.

“ಘಾಟಿಯಲ್ಲೂ ಹಾಗೇನಾ?” ಅಂದೆ.

“ಘಾಟಿಯಲ್ಲೇ ಮೇಷ್ಟ್ರೆ” ಅಂದರು.

ಇಷ್ಟು ವರ್ಷ ಈ ಗಾಡಿಯಲ್ಲಿ ಗೊಬ್ಬರ ಸಾಗಿಸಿದವರ ಪೈಕಿ ಒಬ್ಬರೂ ಬಗ್ಗಿ ನೋಡಿ ಕೇಳಿರಲಿಲ್ಲ.

*

ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಬಣ್ಣದ್ದು. ಒಂದೊಂದು ವಾಷರನ್ನೂ ಮೂಲದಂತೆಯೇ ಹುಡುಕುವ ಗೌಡರು ಹೊರಗೆ ಆಲಿವ್ ಗ್ರೀನ್ ಹೊಡೆಸುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ನಿಯಮ ಸರಿಯಾದದ್ದೇ, ಸೈನ್ಯದ ಗಾಡಿಯನ್ನು ಜನ ದೂರದಿಂದ ಗುರುತು ಹಿಡಿಯಬೇಕು. ಇನ್ನೊಂದು ಕಡೆ, 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ಬಂತು: 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಹೊಸ ನೋಂದಣಿಗೆ 20,000 ರೂಪಾಯಿ. ಅದು ದ್ವಿಚಕ್ರ ವಾಹನಗಳಿಗೆ ಮತ್ತು ಪ್ರಯಾಣಿಕರ ಕಾರು, ಜೀಪುಗಳಿಗೆ. ಲಾರಿಗೆ ಅಲ್ಲಿ ಜಾಗವಿಲ್ಲ. ಹಳೆಯ ಕಾರನ್ನು ಪರಂಪರೆ ಎಂದು ಒಪ್ಪುವವರು ಹಳೆಯ ಲಾರಿಯನ್ನು ಯಾಕೆ ಮರೆತರು ಎಂದು ನನಗೆ ನಿಜಕ್ಕೂ ಬೇಸರವಿದೆ. ಈ ದೇಶದಲ್ಲಿ ಭಾರ ಹೊತ್ತದ್ದು ಲಾರಿ.

ಗೌಡರು ಕೊನೆಗೆ ತೋಟದ ನೀಲಿಯನ್ನೇ ಆರಿಸಿದರು. ‘ಟಿ.ಪಿ.’ ಅಕ್ಷರಗಳಿರುವ ಅಂಗೈಯಗಲದ ಜಾಗವನ್ನು ಮಾತ್ರ ಉಜ್ಜದೆ ಉಳಿಸಿ, ಮೇಲೆ ಕ್ಲಿಯರ್ ಕೋಟ್ ಹೊಡೆಸುತ್ತಾರಂತೆ. ಹಿಂದಿನ ಬಾಡಿಯಲ್ಲಿ ತಂದೆಯವರ ಕಾಲದಲ್ಲಿ ಬೆಸೆದ ಕಬ್ಬಿಣದ ಸರಳೊಂದಿದೆ, ನಿಂತು ಬರುವ ಆಳುಗಳು ಹಿಡಿದುಕೊಳ್ಳಲು. ಜಬಲ್ಪುರದ ನಕ್ಷೆಯಲ್ಲಿ ಅದಿಲ್ಲ ಎಂದು ಮೇಸ್ತ್ರಿ ಕತ್ತರಿಸಲು ಹೊರಟಿದ್ದ. ಬೇಡ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಹಿಡಿದು ಹಿಡಿದು ಅದರ ಮಧ್ಯಭಾಗ ನುಣುಪಾಗಿದೆ. ಅಲ್ಲಿ ತುಕ್ಕೂ ಕಡಿಮೆ. ಗೌಡರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸರಳು ಇನ್ನೂ ಇದೆ.

*

ಪೆಟ್ರೋಲಿನದು ಹೊಸ ತಲೆನೋವು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ. 20ರಷ್ಟು ಎಥೆನಾಲ್. ಅದು ನೀರು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಪಂಪಿನ ಡಯಾಫ್ರಮ್, ಪೈಪುಗಳನ್ನೆಲ್ಲ ಬದಲಿಸಿದ್ದಾಯಿತು. ನಿಲ್ಲಿಸಿಡುವಾಗ ಟ್ಯಾಂಕು ಖಾಲಿ ಮಾಡಬೇಕು.

*

ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿದ್ದಾಯಿತು, ಇಂಜಿನ್ ಸ್ಟಾರ್ಟ್ ಆಗಿದೆ. ಆರೂ ಸಿಲಿಂಡರ್ ಸಮನಾಗಿ ಓಡುವ ಸದ್ದಿಗೆ ಒಕ್ಕಲಿನವರೆಲ್ಲ ಬಂದು ನಿಂತಿದ್ದರು. ಹವಾಲ್ದಾರರೇ ಮೊದಲು ಓಡಿಸಬೇಕೆಂದು ಗೌಡರ ಆಸೆ. ಅವರು ಹತ್ತಲಿಲ್ಲ. ಸೈನ್ಯದಲ್ಲಿ ಗಾಡಿ ಹೊರಡುವ ಮುಂಚೆ ಫಸ್ಟ್ ಪರೇಡ್, ದಾರಿಯಲ್ಲಿ ನಿಂತಾಗ ಹಾಲ್ಟ್ ಪರೇಡ್, ವಾಪಸು ಬಂದ ಮೇಲೆ ಲಾಸ್ಟ್ ಪರೇಡ್ ಎಂದು ತಪಾಸಣೆ ಮಾಡಲೇಬೇಕಂತೆ. ಎಣ್ಣೆಯ ಕಡ್ಡಿ ಎಳೆದು ನೋಡಿದರು. ನೀರು, ಬೆಲ್ಟು ನೋಡಿದರು. ಚಕ್ರದ ನಟ್ಟುಗಳನ್ನು ಒಂದೊಂದಾಗಿ ಮುಟ್ಟಿದರು. ಬ್ರೇಕ್ ಪೆಡಲ್ ಒತ್ತಿ ಹಿಡಿದು ನಿಂತರು. ಅದು ನಿಧಾನಕ್ಕೆ ಕೆಳಗಿಳಿಯಿತು.

“ಮಾಸ್ಟರ್ ಸಿಲಿಂಡರ್ ಹಿಡೀತಿಲ್ಲ ಗೌಡ್ರೆ. ಗಾಡಿ ಇವತ್ತು ಹೊರಡೋದಿಲ್ಲ.”

ಗೌಡರು ಮರುಮಾತಾಡದೆ ಇಂಜಿನ್ ಆಫ್ ಮಾಡಿದರು. ಮೇಸ್ತ್ರಿ ಸ್ಪ್ಯಾನರ್ ತಗೊಂಡು ಕೆಳಗೆ ತೂರಿದ. ರಬ್ಬರ್ ಕಿಟ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗಬಹುದಂತೆ. ಸೋಮವಾರದ ಬಸ್ಸಿಗೆ ಹೋಗುವವನು ನಾನೇ. ಹಳೆಯ ವಾಷರನ್ನು ಅಳತೆಗೆಂದು ಕಾಗದದಲ್ಲಿ ಸುತ್ತಿ ಕೊಟ್ಟಿದ್ದಾರೆ.