ತಂಬೂರಿಯ ಜೀವಾಳ

ಮನೆಯೊಳಗಿನ ವಾದ್ಯಗಳಲ್ಲಿ ವೀಣೆಗೆ ನವರಾತ್ರಿಯ ಪೂಜೆಯುಂಟು, ಪಿಟೀಲಿಗೆ ಮಕಮಲ್ಲಿನ ಪೆಟ್ಟಿಗೆಯುಂಟು. ಸೋರೆಬುರುಡೆಯ ಬಡ ತಂಬೂರಿಗಾದರೋ ಗೋಡೆಯ ಮೊಳೆಯೇ ಗತಿ. ತಾನಾಗಿ ಒಂದು ರಾಗವನ್ನೂ ನುಡಿಯಲಾರದ ಈ ವಾದ್ಯವು ಪಂಚಮ, ಎರಡು ಸಾರಣೆ, ಮಂದ್ರಷಡ್ಜ ಎಂಬ ನಾಲ್ಕು ತಂತಿಗಳಿಂದ ಹಾಡುವವರಿಗೆ ನೆಲೆಯೊದಗಿಸುವುದೇ ತನ್ನ ಧರ್ಮವೆಂದು ತಿಳಿದಿರುವುದು. ಅದು ಕೆಟ್ಟಾಗ ಕಸುಬಿನವರನ್ನು ಹುಡುಕುವವರು ವಿರಳ. ಅಗ್ಗದ ವಸ್ತುವೆಂಬ ಸಲಿಗೆಯಿಂದ ಮನೆಯವರೇ ಕೈಯಿಕ್ಕುವರು.

ತುಮಕೂರಿನ ಮಗ್ಗುಲಿನ ಸತ್ಯಮಂಗಲದಲ್ಲಿ ಒಬ್ಬ ಗೃಹಸ್ಥರು ಇಂತಹ ಕೆಲಸಕ್ಕೆ ಕುಳಿತರೆಂದಿಟ್ಟುಕೊಳ್ಳಿರಿ. ಹೊರಗೆ ಕಾರ್ಖಾನೆಗಳ ಕಡೆಗೆ ಹೋಗುವ ಲಾರಿಗಳ ಸದ್ದು. ಒಳಗೆ ಚಾಪೆಯ ಮೇಲೆ ಬಿಚ್ಚಿಟ್ಟ ವಾದ್ಯ. ಮೊದಲಿನ ಕೆಲಸಗಳೇನೋ ಸುಲಭವಾದುವು. ಜಾರುವ ಬಿರಡೆಗೆ ಸೀಮೆಸುಣ್ಣದ ಪುಡಿಯನ್ನು ತೀಡಿದರೆ ಹಿಡಿತವು ಬರುವುದು. ತುಕ್ಕು ಹಿಡಿದ ತಂತಿಯನ್ನು ತೆಗೆದು ಅದೇ ಗಾತ್ರದ ಹೊಸದನ್ನು ಬಿಗಿಯಬೇಕು. ದಪ್ಪವಾದುದನ್ನು ಬಿಗಿದರೆ ತೆಳುವಾದ ಮೇಲ್ಹಲಗೆಯು ಆ ಸೆಳೆತವನ್ನು ತಾಳಲಾರದು. ಬುರುಡೆಗೂ ಹಲಗೆಗೂ ನಡುವೆ ಬಾಯಿಬಿಟ್ಟ ಸಂದಿಗೆ ಬಡಗಿಗಳು ಕಾಸಿ ಹಚ್ಚುವ ಸರೇಸೇ ಮೇಲು. ಈಗಿನ ಅಂಟುಗಳು ಕಲ್ಲಿನಂತೆ ಹಿಡಿಯುವುವು ನಿಜ. ಆದರೆ ಸರೇಸು ಬಿಸಿಗೂ ತೇವಕ್ಕೂ ಮತ್ತೆ ಬಿಡುವುದರಿಂದ, ಮುಂದೊಮ್ಮೆ ವಾದ್ಯವನ್ನು ಬಿಚ್ಚಬೇಕಾದವನಿಗೆ ದಾರಿಯಿರುವುದು.

ಅಪಾಯವಿರುವುದು ಇಷ್ಟಾದ ಮೇಲೆ. ತಂತಿಗಳನ್ನು ಶ್ರುತಿಗೆ ತಂದು ಮೀಟಿದೊಡನೆ ಜೇನಿನ ಹಿಂಡಿನಂತಹ ಝೇಂಕಾರವೊಂದು ಏಳುವುದು. ಯಂತ್ರಗಳೊಡನೆ ಪಳಗಿದ ಕಿವಿಗೆ ಇದು ಸಡಿಲವಾದ ಯಾವುದೋ ಭಾಗದ ಅದುರಾಟವಾಗಿ ತೋರುವುದು. ಅರವನ್ನು ಹಿಡಿದು, ಕುದುರೆಯ ತಲೆಯನ್ನು ಪಿಟೀಲಿನದರಂತೆ ಸಣ್ಣಗೆ ಉಜ್ಜಿಬಿಟ್ಟರೆ ಝೇಂಕಾರವೇನೋ ನಿಲ್ಲುವುದು; ಅದರೊಡನೆ ತಂಬೂರಿಯ ಬಾಯಿಯೂ ಕಟ್ಟಿಹೋಗುವುದು.

ತಂಬೂರಿಯ ಕುದುರೆಯು ಅಗಲವಾಗಿ, ಕೊಂಚ ಬಾಗಿ ಇರುವುದು ಅದುರುವ ತಂತಿಯು ಅದನ್ನು ಸವರಿ ಸವರಿ ಏಳಲೆಂದೇ. ತಂತಿಯ ಕೆಳಗೆ ತೂರಿಸುವ ನೂಲಿನ ಎಳೆಯು ಈ ಸ್ಪರ್ಶವನ್ನು ಹದಗೊಳಿಸುವುದು. ತಂತಿಯು ಮೂಲಸ್ವರದೊಡನೆ ಅನೇಕ ಉಪಸ್ವರಗಳನ್ನೂ ಹೊರಡಿಸುವುದಷ್ಟೆ. ಯಾವ ಉಪಸ್ವರಕ್ಕೆ ಮೀಟಿದ ಸ್ಥಳವು ನಿಶ್ಚಲಬಿಂದುವೋ ಅದು ಹುಟ್ಟಲಾರದೆಂಬುದು ಯುರೋಪಿನ ವಿದ್ವಾಂಸರ ನಿಯಮ. ತಂಬೂರಿ ವೀಣೆಗಳಲ್ಲಿ ಅಂತಹ ಸ್ವರಗಳೂ ಬಲವಾಗಿ ಕೇಳಿಬರುವುವೆಂದೂ, ಕುದುರೆಯ ಆಕಾರವೇ ಅದಕ್ಕೆ ಕಾರಣವೆಂದೂ ಸಿ. ವಿ. ರಾಮನ್ನರು 1921ರಲ್ಲಿ ಬರೆದು ತೋರಿಸಿದರು. ಆ ನೂಲಿಗೆ ‘ಜೀವಾಳ’ವೆಂದು ಹೆಸರಿಟ್ಟ ಹಿರಿಯರು ಅದರ ಗುಣವನ್ನು ಕಿವಿಯಿಂದಲೇ ಕಂಡುಕೊಂಡಿದ್ದರು.

ಆದುದರಿಂದ ಅರವನ್ನು ಹಿಡಿಯುವ ಮೊದಲು ಹಾಡುವವರನ್ನು ಕೇಳುವುದು ಲೇಸು. ಗೃಹಸ್ಥರ ವೃದ್ಧ ತಾಯಿಯವರು, ವಿದ್ಯುತ್ತಿನ ಶ್ರುತಿಪೆಟ್ಟಿಗೆಯು ತಮಗೆ ಒಗ್ಗದೆಂದು ಹಾಡನ್ನೇ ಬಿಟ್ಟು ಕುಳಿತವರು. ಮಗನು ನೂಲನ್ನು ಕೂದಲೆಳೆಯಷ್ಟು ಹಿಂದಕ್ಕೂ ಮುಂದಕ್ಕೂ ಸರಿಸುತ್ತಿರಲು ಅವರು ಕಣ್ಣು ಮುಚ್ಚಿ ಆಲಿಸಿ, “ಇನ್ನೂ ಸ್ವಲ್ಪ, ಮಗು. ಹ್ಞಾ, ಅಲ್ಲಿಯೇ ಬಿಡು” ಎನ್ನುವರು. ಯಾವ ಪುಸ್ತಕವೂ ಆ ಸ್ಥಳವನ್ನು ಅಳೆದು ಹೇಳಲಾರದು. ತಂತಿಯುಜ್ಜಿ ಕುದುರೆಯಲ್ಲಿ ಗೀರು ಬಿದ್ದು, ನೂಲನ್ನು ಎಷ್ಟು ಸರಿಸಿದರೂ ನಾದವು ಬಾರದಿದ್ದರೆ ಮಾತ್ರ ಅದನ್ನು ಬಲ್ಲವರಿಗೆ ಒಪ್ಪಿಸತಕ್ಕುದು. ಹಲಸಿನ ಮರದ ವೀಣೆಗಳಿಗೆ ಹೆಸರಾದ ಸಿಂಪಾಡಿಪುರವು ನೆರೆಯ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿಯೇ ಇರುವುದು. ಬಿರಡೆ, ತಂತಿ, ಸರೇಸುಗಳ ಕೆಲಸ ಮನೆಯವರದು. ಕುದುರೆಯನ್ನು ಉಜ್ಜುವ ಕೆಲಸ ಅವರದು.