ದಿಲ್ಲಿಯ ರೊಕ್ಕ, ಊರಿನ ಗ್ರಾಮಸಭೆ

ಜತ್ತ ತಾಲೂಕಿನ ನಮ್ಮ ಕನ್ನಡ ಊರುಗಳಲ್ಲಿ ಪಂಚಾಯತಿಗೆ ರೊಕ್ಕ ಬಂದರೆ "ಆಮದಾರ ಸಾಹೇಬ್ರು ತಂದ್ರು" ಅನ್ನುತ್ತಾರೆ. ಬರದಿದ್ದರೆ "ನಾವು ಕನ್ನಡದವರು, ನಮಗ್ಯಾರು ಕೊಡ್ತಾರ?" ಅನ್ನುತ್ತಾರೆ. ಕೇಂದ್ರದ ಅನುದಾನದ ಮಟ್ಟಿಗೆ ಎರಡೂ ಸರಿಯಲ್ಲ. ಏಳನೇ ತರಗತಿಯ ಮಕ್ಕಳಿಗೆ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸುತ್ತೇನೆ. ಪಾಲಕರೂ ಒಮ್ಮೆ ನೋಡಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅಂದಿನಿಂದ ಪಂಚಾಯತಿಗಳಿಗೆ ಕೇಂದ್ರ ಎಷ್ಟು ಕೊಡಬೇಕೆಂದು ಹಣಕಾಸು ಆಯೋಗ ಶಿಫಾರಸು ಮಾಡುತ್ತದೆ. ಎನ್.ಕೆ. ಸಿಂಗ್ ಅಧ್ಯಕ್ಷರಾಗಿದ್ದ 15ನೇ ಆಯೋಗ 2021ರಿಂದ 2026ರವರೆಗಿನ ಐದು ವರ್ಷಗಳಿಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ ಗೊತ್ತುಮಾಡಿತು. ರಾಜ್ಯಗಳಿಗೆ ಹಂಚುವಾಗ ಜನಸಂಖ್ಯೆಗೆ 90 ಪಾಲು, ವಿಸ್ತೀರ್ಣಕ್ಕೆ 10 ಪಾಲು. ಜನಸಂಖ್ಯೆ ಎಂದರೆ 2011ರ ಗಣತಿ. ಈ ಸೂತ್ರದಲ್ಲಿ ಭಾಷೆ ಇಲ್ಲ, ನಿಜ. ಆದರೆ ಬರಗಾಲವೂ ಇಲ್ಲ! ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವಳೂ ನದಿದಂಡೆಯ ಊರಿನವಳೂ ಅಲ್ಲಿ ಒಂದೊಂದೇ ತಲೆ.

ಈಗ ಮಕ್ಕಳ ಲೆಕ್ಕ. 2011ರಲ್ಲಿ ಹಳ್ಳಿಗಳ ಜನ ಸುಮಾರು 83 ಕೋಟಿ. ಭಾಗಿಸಿದರೆ ತಲೆಗೆ ವರ್ಷಕ್ಕೆ ಸರಾಸರಿ 570 ರೂಪಾಯಿ. ಸಾವಿರ ಜನರಿಗೆ 5,70,000. ಇದರಲ್ಲಿ ಗ್ರಾಮಪಂಚಾಯತಿಗೆ ಶೇಕಡಾ 70ರಿಂದ 85 ಇತ್ತು. ಉಳಿದದ್ದು ಪಂಚಾಯತ ಸಮಿತಿಗೆ, ಜಿಲ್ಲಾ ಪರಿಷತ್ತಿಗೆ. ಕಡಿಮೆ ಹಿಡಿದರೂ ಊರಿಗೆ 4 ಲಕ್ಷದಷ್ಟು. ಚುನಾಯಿತ ಮಂಡಳಿ ಇಲ್ಲದಿದ್ದರೆ ಅಥವಾ ಲೆಕ್ಕಪತ್ರ ಆನ್‌ಲೈನ್ ಹಾಕದಿದ್ದರೆ ಆ ಕಂತೂ ನಿಲ್ಲುತ್ತದೆ.

ಬಂದದ್ದನ್ನು ಬೇಕಾದಂತೆ ಖರ್ಚು ಮಾಡುವಂತಿಲ್ಲ. 15ನೇ ಆಯೋಗದ 2021ರಿಂದ 2026ರವರೆಗಿನ ಅವಧಿಯಲ್ಲಿ ಶೇಕಡಾ 30 ಕುಡಿಯುವ ನೀರಿಗೆ, ಶೇಕಡಾ 30 ನೈರ್ಮಲ್ಯಕ್ಕೆ ಮೀಸಲಾಗಿತ್ತು. ಇದಕ್ಕೆ ಮರಾಠಿಯಲ್ಲಿ "ಬಂಧಿತ ನಿಧಿ" ಎನ್ನುತ್ತಾರೆ. ಇದನ್ನು ಕೇಳಿದ ನಮ್ಮೂರ ಹಿರಿಯರೊಬ್ಬರು "ರೊಕ್ಕಾನೂ ಪೊಲೀಸರು ಹಿಡದಾರೇನ್ರಿ ಗುರುಗಳ?" ಎಂದರು. ಉಳಿದ ಶೇಕಡಾ 40 "ಅಬಂಧಿತ" ಆಗಿತ್ತು. ಊರಿನ ಅಗತ್ಯ ನೋಡಿ ಬಳಸಬಹುದಿತ್ತು, ಸಂಬಳಕ್ಕೆ ಮಾತ್ರ ಬಳಸುವಂತಿರಲಿಲ್ಲ.

ಅಂದರೆ ಎಷ್ಟು ಬರಬೇಕು ಎಂಬುದು ದಿಲ್ಲಿಯಲ್ಲಿ ತಲೆ ಎಣಿಸಿ ತೀರ್ಮಾನವಾಗುತ್ತದೆ. ಯಾವ ಓಣಿಯ ನಳಕ್ಕೆ, ಯಾವ ಶಾಲೆಯ ಶೌಚಾಲಯಕ್ಕೆ ಎಂಬುದು ಮಾತ್ರ ಗ್ರಾಮಸಭೆಯಲ್ಲಿ ಬಾಯಿ ಬಿಟ್ಟವರಿಂದ ತೀರ್ಮಾನವಾಗುತ್ತದೆ. ನಮಗೆ ತೊಡಕಿರುವುದು ಅಲ್ಲೇ. ಊರಿನ ಯೋಜನೆ, ಅಂದರೆ "ಆರಾಖಡಾ", ಮರಾಠಿಯಲ್ಲಿರುತ್ತದೆ. ಕನ್ನಡ ಶಾಲೆ ಕಲಿತ ತಂದೆತಾಯಿ ಹಿಂದೆ ಕುಳಿತು, ಸಹಿ ಮಾಡಿ, ಮನೆಗೆ ಹೋಗುತ್ತಾರೆ. ಶೌಚಾಲಯಕ್ಕೆ ನೀರಿಲ್ಲದೆ ಮಧ್ಯಾಹ್ನ ಮನೆಗೆ ಓಡುವ ಹುಡುಗಿಯ ತಾಯಿಯೂ ಅವರಲ್ಲಿರುತ್ತಾಳೆ.

ನಮ್ಮ ಮಕ್ಕಳು ಮರಾಠಿಯನ್ನೂ ಓದಬಲ್ಲರು. ಇ-ಗ್ರಾಮಸ್ವರಾಜ್ ತಾಣದಲ್ಲಿ ಪ್ರತಿ ಪಂಚಾಯತಿಯ ಯೋಜನೆಯನ್ನೂ ಖರ್ಚನ್ನೂ ಯಾರು ಬೇಕಾದರೂ ನೋಡಬಹುದು. ಮಗ ಓದಲಿ, ಮಗಳು ಕನ್ನಡದಲ್ಲಿ ತಿಳಿಸಿ ಹೇಳಲಿ. 2026ರ ಏಪ್ರಿಲ್‌ನಿಂದ 2031ರ ಮಾರ್ಚ್‌ವರೆಗಿನ ವರ್ಷಗಳು ಅರವಿಂದ ಪನಗಾರಿಯಾ ಅಧ್ಯಕ್ಷತೆಯ 16ನೇ ಆಯೋಗಕ್ಕೆ ಸೇರಿದವು. ಆಯೋಗ ಬದಲಾದರೂ ಕೇಳುವ ಜಾಗ ಊರಿನ ಗ್ರಾಮಸಭೆಯೇ. ಮುಂದಿನ ಸಭೆಗೆ ಬರ್ರಿ, ಮುಂದೆ ಕುಂಡ್ರಿ, ಕನ್ನಡದಾಗ ಕೇಳ್ರಿ.